ಬೈಲುಕುಪ್ಪೆಗೆ ಹೋದವರು ಆ ಹುಡುಗನ ಫೋಟೊ ನೋಡಿದ್ದೀರಾ?

ಮೊನ್ನೆ ಮೈಸೂರಿನ ನೆಂಟರನ್ನ ಟಿಬೆಟ್ ನಿರಾಶ್ರಿತರ ಕ್ಯಾಂಪ್ ಇರೋ ಬೈಲುಕುಪ್ಪೆಗೆ ಕರ್ಕೊಂಡು ಹೋಗಿದ್ದೆ. ಗೋಲ್ಡನ್ ಟೆಂಪಲ್ ನೋಡಿದ್ರು, ಫೋಟೊ ತೆಗೆಸಿಕೊಂಡ್ರು, ಮೊಮೊ ತಿಂದ್ರು. ವಾಪಸ್ ಬರುವಾಗ ಕಾರಲ್ಲಿ ಒಬ್ಬರು ಅಂದ್ರು, "ಇವರಿಗೇನಪ್ಪ ಕಮ್ಮಿ? ನಮಗಿಂತ ಚೆನ್ನಾಗಿದ್ದಾರೆ." ಆವಾಗ ಸುಮ್ಮನಿದ್ದೆ. ಆದ್ರೆ ಎರಡು ದಿನದಿಂದ ಅದೇ ಮಾತು ತಲೇಲಿ ಕೊರೀತಿದೆ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ನಾನು ಪಿರಿಯಾಪಟ್ಟಣದ ಕಡೆಯವನು. ನಮ್ಮಪ್ಪ ಕ್ಯಾಂಪಿನವರ ಜೋಳದ ಹೊಲಕ್ಕೆ ಕೂಲಿಗೆ ಹೋಗ್ತಿದ್ದರು. ಆ ಹೊಲದ ಅಜ್ಜ ನಮ್ಮಂಗೇ ಕನ್ನಡ ಮಾತಾಡ್ತಿದ್ದ. ಟಿಬೆಟಿಯನ್ನರ ಧರ್ಮಗುರು ದಲೈ ಲಾಮಾ ಚೀನಾ ಹಿಡಿತದ ಟಿಬೆಟ್ ಬಿಟ್ಟು ಭಾರತಕ್ಕೆ ಬಂದದ್ದು 1959ರ ಮಾರ್ಚ್‌ನಲ್ಲಿ. ಮರುವರ್ಷ ಮೈಸೂರು ರಾಜ್ಯ ಸರ್ಕಾರ ಕೊಟ್ಟ ಸುಮಾರು 3,000 ಎಕರೆ ಕಾಡಿನಲ್ಲಿ ಟಿಬೆಟಿಯನ್ನರ ಮೊದಲ ತಂಡ ಬಂದಿಳಿಯಿತು. ಮರ ಕಡಿದು, ಆನೆ ಕಾಟ ಸಹಿಸಿ, ಚಳಿ ನಾಡಿನ ಜನ ನಮ್ಮ ಬಿಸಿಲಲ್ಲಿ ಬೆಂದು ಹೊಲ ಮಾಡಿದ್ರು. ಎರಡು ವರ್ಷದಲ್ಲಿ ಊರಿಗೆ ವಾಪಸ್ ಹೋಗ್ತೀವಿ ಅಂತ ಮೊದಮೊದಲು ಮನೆ ಮುಂದೆ ಒಂದು ಹಣ್ಣಿನ ಗಿಡಾನೂ ನೆಡಲಿಲ್ಲ ಅಂತಿದ್ದ ಅಜ್ಜ. ನಾನು ನೋಡುವ ಹೊತ್ತಿಗೆ ಅವನ ಅಂಗಳದಲ್ಲಿ ದೊಡ್ಡ ಮಾವಿನ ಮರ ಇತ್ತು.

ಅವರಿಗೆ ಕಮ್ಮಿ ಇರೋದು ಇದೇ. ಊರು. ಅಲ್ಲಿ ತಮ್ಮ ಬದುಕನ್ನ ತಾವೇ ನಡೆಸುವ ಹಕ್ಕು. ಇಲ್ಲೇ ಹುಟ್ಟಿ ಬೆಳೆದವರಲ್ಲೂ ಎಷ್ಟೋ ಜನ ಇವತ್ತಿಗೂ ಆರ್‌ಸಿ ಪುಸ್ತಕ (ವಿದೇಶೀಯರು ಅಂತ ಕೊಡುವ ನೋಂದಣಿ ಪತ್ರ) ಹಿಡ್ಕೊಂಡು ನವೀಕರಣಕ್ಕೆ ಓಡಾಡ್ತಾರೆ.

ಹಂಗಂತ ಅವರೇನು ಕೈಕಟ್ಟಿ ಕೂತಿಲ್ಲ. 1960ರ ಸೆಪ್ಟೆಂಬರ್ 2ರಿಂದಲೇ ಅವರಿಗೆ ಚುನಾಯಿತ ಸಂಸತ್ತು ಇದೆ. ಈಗ ಅದರಲ್ಲಿ 45 ಸ್ಥಾನ. ಟಿಬೆಟ್‌ನ ಮೂರು ಪ್ರಾಂತ್ಯಗಳಿಗೆ ತಲಾ 10, ಧಾರ್ಮಿಕ ಪಂಥಗಳಿಗೆ 10, ಉಳಿದವು ಯುರೋಪ್, ಅಮೆರಿಕ, ಆಸ್ಟ್ರೇಲಿಯಾ ಕಡೆ ನೆಲೆಸಿದವರಿಗೆ. ಕಾಲಿಡೋಕೂ ಆಗದ ಪ್ರಾಂತ್ಯದ ಹೆಸರಲ್ಲಿ ಮತ ಹಾಕ್ತಾರೆ! 2021ರ ಚುನಾವಣೆ ದಿನ ಕ್ಯಾಂಪಲ್ಲಿದ್ದೆ. ಟಿಬೆಟಿಯನ್ ಉಡುಪು ಚುಪಾ ಉಟ್ಟ ಅಜ್ಜಿಯೊಬ್ಬರು ಹಸಿರು ರಟ್ಟಿನ ಪುಸ್ತಕವನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಎದೆಗೊತ್ತಿಕೊಂಡು ಸಾಲಲ್ಲಿ ನಿಂತಿದ್ದರು. ಟಿಬೆಟ್ ಆಡಳಿತಕ್ಕೆ ವರ್ಷವರ್ಷ ಕಟ್ಟಿದ ವಂತಿಗೆ ಅದರಲ್ಲಿ ದಾಖಲಾಗಿರುತ್ತೆ. ಯಾವ ದೇಶವೂ ಮಾನ್ಯ ಮಾಡದ ಸರ್ಕಾರಕ್ಕೆ ಅಷ್ಟು ನಿಷ್ಠೆಯಿಂದ ವಂತಿಗೆ ಕಟ್ಟೋದು ಅಂದ್ರೆ ಏನು ಅಂತ ನಾವು ಒಂದ್ಸಲ ಯೋಚಿಸಬೇಕು. ಆ ಸಲ ಸಿಕ್ಯೊಂಗ್ ಆಗಿ, ಅಂದ್ರೆ ಅವರ ಆಡಳಿತದ ಮುಖ್ಯಸ್ಥರಾಗಿ ಗೆದ್ದ ಪೆನ್ಪಾ ತ್ಸೆರಿಂಗ್ ಹುಟ್ಟಿದ್ದು ಇದೇ ಬೈಲುಕುಪ್ಪೆಯಲ್ಲಿ. ನಮ್ಮ ತಾಲ್ಲೂಕಲ್ಲೇ ಎಷ್ಟು ಜನಕ್ಕೆ ಇದು ಗೊತ್ತು? ರಾಜಕೀಯ ಅಧಿಕಾರವನ್ನೆಲ್ಲ ದಲೈ ಲಾಮಾ 2011ರಲ್ಲೇ ಚುನಾಯಿತರಿಗೆ ಬಿಟ್ಟುಕೊಟ್ಟಿದ್ದಾರೆ.

ಅವರ ಆಡಳಿತ ಪ್ರತ್ಯೇಕ ದೇಶವನ್ನೂ ಕೇಳ್ತಿಲ್ಲ. ಚೀನಾದೊಳಗೇ ಇದ್ದು ಭಾಷೆ, ಧರ್ಮ, ಶಿಕ್ಷಣ, ಪರಿಸರ ಇವುಗಳ ಮೇಲೆ ನಿಜವಾದ ಸ್ವಾಯತ್ತತೆ ಕೊಡಿ ಅನ್ನೋದು ಅವರ 'ಮಧ್ಯಮ ಮಾರ್ಗ'. 2002ರಿಂದ 2010ರವರೆಗೆ ಒಂಬತ್ತು ಸುತ್ತು ಮಾತುಕತೆ ಆಯ್ತು. ಆಮೇಲೆ ನಿಂತೇ ಹೋಯ್ತು. ಅಷ್ಟನ್ನೂ ಕೊಡಲ್ಲ ಅಂದ್ರೆ ಅನ್ಯಾಯ ಅಲ್ದೆ ಇನ್ನೇನು?

ಕನ್ನಡ ಶಾಲೆ ಉಳಿಸಿ ಅಂತ ಪೋಸ್ಟ್ ಹಾಕುವ ನಮಗೆ ತಾಶಿ ವಾಂಗ್‌ಚುಕ್ ಕತೆ ಗೊತ್ತಿರಬೇಕು. ಟಿಬೆಟ್‌ನ ಒಬ್ಬ ಸಾಮಾನ್ಯ ಅಂಗಡಿಯವರು. ಮಕ್ಕಳಿಗೆ ಟಿಬೆಟಿಯನ್ ಭಾಷೆಯಲ್ಲಿ ಪಾಠ ಆಗಬೇಕು ಅಂತ ಕ್ಯಾಮೆರಾ ಮುಂದೆ ಹೇಳಿದ್ದಕ್ಕೆ ಐದು ವರ್ಷ ಜೈಲು. 2021ರಲ್ಲಿ ಹೊರಬಂದ್ರು. ಸುಮಾರು ಹತ್ತು ಲಕ್ಷ ಟಿಬೆಟಿಯನ್ ಮಕ್ಕಳನ್ನ ಮನೆಯಿಂದ ದೂರದ ವಸತಿ ಶಾಲೆಗಳಲ್ಲಿಟ್ಟು ಚೀನೀ ಭಾಷೆಗೆ ಒಗ್ಗಿಸ್ತಿದ್ದಾರೆ ಅಂತ 2023ರಲ್ಲಿ ವಿಶ್ವಸಂಸ್ಥೆಯ ತಜ್ಞರು ಆತಂಕ ಹೇಳಿಕೊಂಡರು. ಮಗು ಅಮ್ಮನ ಜೊತೆ ಮಾತಾಡೋಕೆ ಮಾತೇ ಇಲ್ಲದಂಗೆ ಆಗೋದು ಅಂದ್ರೆ ನನಗೆ ಹೊಟ್ಟೆ ಕಿವುಚುತ್ತೆ.

ಮುಂದಿನ ಸಲ ಹೋದಾಗ ಗೋಲ್ಡನ್ ಟೆಂಪಲ್‌ನಿಂದಲೇ ವಾಪಸ್ ಬರಬೇಡಿ. ಅಲ್ಲೇ ಹತ್ತಿರ ತಾಶಿ ಲುನ್ಪೊ ಮಠ ಇದೆ, ಟಿಬೆಟಿಯನ್ನರಲ್ಲಿ ದಲೈ ಲಾಮಾ ಬಿಟ್ಟರೆ ದೊಡ್ಡ ಗುರು ಅನ್ನಿಸಿಕೊಳ್ಳೋ ಪಂಚೆನ್ ಲಾಮಾ ಪರಂಪರೆಯ ಮಠ. ದಲೈ ಲಾಮಾ 2025ರ ಜನವರಿಯಲ್ಲಿ ಬಂದು ತಂಗಿದ್ದು ಅಲ್ಲೇ. ಗೆಧುನ್ ಚೋಕಿ ನ್ಯಿಮಾ ಅನ್ನೋ ಹುಡುಗನ ಫೋಟೊ ಎಲ್ಲಿದೆ ಅಂತ ಕೇಳಿ. 1995ರ ಮೇ 14ರಂದು ದಲೈ ಲಾಮಾ ಅವನನ್ನ 11ನೇ ಪಂಚೆನ್ ಲಾಮಾ, ಅಂದ್ರೆ ಹಿಂದಿನ ಪಂಚೆನ್ ಲಾಮಾರ ಮರುಹುಟ್ಟು ಅಂತ ಗುರುತಿಸಿದ್ರು. ಮೂರೇ ದಿನಕ್ಕೆ ಚೀನಾದವರು ಅವನನ್ನೂ ಮನೆಯವರನ್ನೂ ಕರ್ಕೊಂಡು ಹೋದ್ರು. ಆವತ್ತಿಂದ ಹೊರಗಿನವರು ಯಾರೂ ಅವನನ್ನ ನೋಡಿಲ್ಲ. ತನ್ನ ಒಪ್ಪಿಗೆ ಇಲ್ಲದೆ ಮುಂದಿನ ದಲೈ ಲಾಮಾ ಯಾರೂ ಆಗಂಗಿಲ್ಲ ಅಂತ ಇದೇ ಚೀನಾ ಸರ್ಕಾರ ಈಗ ಪಟ್ಟು ಹಿಡಿದಿದೆ.

ಆ ಹುಡುಗ ಹುಟ್ಟಿದ್ದು 1989ರಲ್ಲಿ. ನನ್ನ ತಮ್ಮನೂ ಅದೇ ವರ್ಷದವನು, ಅವನ ಮಗಳು ಈಗ ಶಾಲೆಗೆ ಹೋಗ್ತಾಳೆ. ಮಠದ ಫೋಟೊದಲ್ಲಿ ಆ ಹುಡುಗನಿಗೆ ಇನ್ನೂ ಆರೇ ವರ್ಷ, ಕೆಂಪಗೆ ಉಬ್ಬಿದ ಕೆನ್ನೆ.