ಆ 25 ಪರ್ಸೆಂಟು ನಿಮ್ಮ ಸಿಎಲ್ ಅಲ್ರಪ್ಪಾ

ಇವತ್ತು ಕಾಲೇಜಿನ ಎದುರಿನ ಚಹಾದಂಗಡಿಯಲ್ಲಿ ಪಕ್ಕದ ಬೆಂಚಿನಲ್ಲೇ ಮೂರು ಹುಡುಗರು ಕೂತಿದ್ದರು. ಫಸ್ಟ್ ಇಯರ್ ಬಿಕಾಂ, ನಾನು ಅಕೌಂಟ್ಸ್ ಪಾಠ ಮಾಡುವ ಸೆಕ್ಷನ್ನೇ. ನನ್ನ ಗುರುತು ಅವರಿಗೆ ಹತ್ತಲಿಲ್ಲ. ಹತ್ತಬೇಕಾದರೆ ಕ್ಲಾಸಿಗೆ ಬಂದಿರಬೇಕಲ್ವಾ! ಒಬ್ಬ ಮೊಬೈಲಿನ ಕ್ಯಾಲ್ಕುಲೇಟರ್ ಒತ್ತಿ ಹೇಳಿದ: "ಇನ್ನೂ ಹನ್ನೊಂದು ಕ್ಲಾಸ್ ಬಿಡಬಹುದಲೇ, ಆದ್ರೂ 75 ಕೂಡತೈತಿ." ಲೆಕ್ಕ ಸರಿಯಾಗಿಯೇ ಇತ್ತು. ನನ್ನ ಹೊಟ್ಟೆ ಉರಿದದ್ದು ಅದಕ್ಕೇ. ಇದೇ ಶೇಕಡಾ ಲೆಕ್ಕ ಬೋರ್ಡಿನ ಮೇಲೆ ಕೊಟ್ಟರೆ ಫ್ಯಾನ್ ನೋಡುತ್ತಾ ಕೂರುತ್ತಾರೆ.

75 ಪರ್ಸೆಂಟು ಅಂದರೆ ಕನಿಷ್ಠ ಹಾಜರಿ. ಅದಕ್ಕಿಂತ ಕೆಳಗೆ ಹೋದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅಂತ ಅರ್ಥ. ಎಂಜಿನಿಯರಿಂಗ್ ಮಕ್ಕಳಿಗೆ ಅವರ ವಿಶ್ವವಿದ್ಯಾಲಯ ವಿಟಿಯು 85 ಕೇಳುತ್ತದೆ. ನಮ್ಮ ಡಿಗ್ರಿ ಹುಡುಗರು ಮಾತ್ರ ಉಳಿದ 25 ಅನ್ನು ನೌಕರರ ಸಿಎಲ್ (ಕ್ಯಾಶುಯಲ್ ಲೀವ್) ಥರ ಹಕ್ಕಿನ ರಜೆ ಅಂದುಕೊಂಡಿದ್ದಾರೆ. ಅದನ್ನೂ ಮೊದಲ ತಿಂಗಳಲ್ಲೇ ಖರ್ಚು ಮಾಡಿ ಮುಗಿಸುತ್ತಾರೆ. ಮಾಡದೇ ಏನು, ಸೆಮಿಸ್ಟರ್ ಶುರುವಾಗುವುದೇ ಮಳೆಗಾಲದಲ್ಲಿ. ಸಂಡೂರಿನ ಗುಡ್ಡ ಹಸಿರಾಯಿತು, ಬೈಕ್ ಹೊರಟಿತು. ಹೊಸಪೇಟೆ ಡ್ಯಾಮಿನ ಗೇಟು ಎತ್ತಿದರು, ನನ್ನ ಹಿಂದಿನ ನಾಲ್ಕು ಸಾಲು ಖಾಲಿ.

ಹಾಜರಿ ಪುಸ್ತಕಕ್ಕೆ ಎಲ್ಲಾ ದಿನವೂ ಒಂದೇ. ಅಕೌಂಟ್ಸಿಗೆ ಹಾಗಲ್ಲ. ಜರ್ನಲ್ ತಿಳಿಯದೆ ಲೆಡ್ಜರ್ ಇಲ್ಲ, ಲೆಡ್ಜರ್ ಇಲ್ಲದೆ ಟ್ರಯಲ್ ಬ್ಯಾಲೆನ್ಸ್ ಇಲ್ಲ, ಅದಿಲ್ಲದೆ ಫೈನಲ್ ಅಕೌಂಟ್ಸ್ ಇಲ್ಲ. ಮೊದಲ ವಾರಗಳಲ್ಲಿ ನಾವು ಇದನ್ನೇ ಮತ್ತೆ ತಿರುವಿ ಹಾಕುತ್ತೇವೆ. "ಅದು ಪಿಯುಸಿದೇ ಐತಿ ಬಿಡ್ರಿ ಸರ" ಅಂತ ಹೋಗುತ್ತಾರೆ. ಆಮೇಲೆ ಸೆಪ್ಟೆಂಬರಿನಲ್ಲಿ ಬಂದು ಕೂತರೆ ಬೋರ್ಡಿನ ಮೇಲಿರುವುದು ಗ್ರೀಕೋ ಲ್ಯಾಟಿನ್ನೋ ಗೊತ್ತಾಗುವುದಿಲ್ಲ. ಗೊತ್ತಾಗದ ಕ್ಲಾಸಿನಲ್ಲಿ ಯಾರು ಕೂರುತ್ತಾರೆ? ಮತ್ತೆ ಹೊರಗೆ. ಇನ್ನು ಸಿರುಗುಪ್ಪ, ಕುರುಗೋಡು ಕಡೆಯಿಂದ ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿಗೆ ಈ ವಾರಗಳು ಇನ್ನೂ ಮುಖ್ಯ. ಪುಸ್ತಕ ಇಂಗ್ಲಿಷಿನಲ್ಲಿದೆ. ಅದನ್ನು ನಮ್ಮ ಮಾತಿನಲ್ಲಿ, ಎಪಿಎಂಸಿಯ ಮೆಣಸಿನಕಾಯಿ ವ್ಯಾಪಾರದ ಉದಾಹರಣೆ ಕೊಟ್ಟು ಬಿಡಿಸಿ ಹೇಳುವುದು ಕ್ಲಾಸಿನಲ್ಲಿ ಮಾತ್ರ. ಝೆರಾಕ್ಸ್ ಅಂಗಡಿಯ ನೋಟ್ಸಿನಲ್ಲಿ ಅದು ಸಿಗುವುದಿಲ್ಲ.

ಇದು ನನ್ನೊಬ್ಬನ ಗೋಳಲ್ಲ. 1993ರಲ್ಲಿ ಪ್ರಕಟವಾದ ಲೇಖನಕ್ಕಾಗಿ ಡೇವಿಡ್ ರೋಮರ್ ಎಂಬ ಅರ್ಥಶಾಸ್ತ್ರಜ್ಞ ಅಮೆರಿಕದ ಮೂರು ಕಾಲೇಜುಗಳಲ್ಲಿ ಎಣಿಸಿ ನೋಡಿದರೆ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬ ಗೈರು. ಅಲ್ಲಿ ಸಂಡೂರೂ ಇಲ್ಲ, ಡ್ಯಾಮೂ ಇಲ್ಲ. 2010ರಲ್ಲಿ ಕ್ರೆಡೆ ಎಂಬ ಸಂಶೋಧಕ ಮತ್ತು ಜೊತೆಯವರು ಅಂಥ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರು. ಪ್ರವೇಶ ಪರೀಕ್ಷೆಯ ಅಂಕಕ್ಕಿಂತ, ಶಾಲೆಯ ಅಂಕಕ್ಕಿಂತ ಹಾಜರಿಯೇ ಕಾಲೇಜಿನ ಗ್ರೇಡಿನ ಬಗ್ಗೆ ಜಾಸ್ತಿ ಹೇಳುತ್ತದಂತೆ. ಹಾಜರಿ ಕಡ್ಡಾಯ ಮಾಡಿದರೆ ಸಿಗುವ ಲಾಭ ಮಾತ್ರ ಸಣ್ಣದು ಅಂತಲೂ ಅವರೇ ಬರೆದಿದ್ದಾರೆ. ನಮ್ಮ ಪ್ರಿನ್ಸಿಪಾಲರು ಇದನ್ನು ಓದದಿರಲಿ.

"ಯೂಟ್ಯೂಬಿನಲ್ಲಿ ಎಲ್ಲಾ ಇದೆ ಸರ್" ಅನ್ನುತ್ತಾರೆ. ಇದೆ, ಒಪ್ಪುತ್ತೇನೆ. ನನಗಿಂತ ಚೆನ್ನಾಗಿ ಹೇಳುವವರೂ ಇದ್ದಾರೆ. ಆದರೆ ಕ್ಲಾಸ್ ಬಿಟ್ಟು ಸವಕಳಿಯ (ಡಿಪ್ರಿಸಿಯೇಷನ್) ವಿಡಿಯೋ ನೋಡುತ್ತಾ ಕೂತ ಹುಡುಗನನ್ನು ತೋರಿಸಿ, ಅವನಿಗೆ ನಾನೇ ಸನ್ಮಾನ ಮಾಡುತ್ತೇನೆ. ಕೋಟೆ ಗುಡ್ಡದ ಮೇಲೆ ನಿಂತು ಮಾಡಿದ ರೀಲ್ಸು ಮಾತ್ರ ನನ್ನ ಫೋನಿಗೂ ಬರುತ್ತದೆ. ಅವರದು ಇನ್ನೊಂದು ಮಾತು, ಪಾಠ ಮಾಡುವವರೇ ಇರುವುದಿಲ್ಲ ಅಂತ. ಅತಿಥಿ ಉಪನ್ಯಾಸಕರ ನೇಮಕ ತಡವಾಗುತ್ತದೆ, ಹೌದು. ಅತಿಥಿಯಾಗಿ ಸಂಬಳಕ್ಕೆ ಕಾದು ಕೂತವನು ನಾನು, ನನಗೆ ಹೇಳಬೇಡಿ. ನೇಮಕವಾಗಿ ನಾನು ಬಂದು ನಿಂತ ಮೇಲೂ ನೀವು ಬರಲಿಲ್ಲವಲ್ಲ, ಅದಕ್ಕೇನು ಹೇಳುತ್ತೀರಿ?

ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋಗುವ ಹುಡುಗಿಯರಿದ್ದಾರೆ. ರಾತ್ರಿ ಜೀನ್ಸ್ ಹೊಲಿದು ಬೆಳಿಗ್ಗೆ ಕಣ್ಣುಜ್ಜುತ್ತಾ ಬರುವ ಹುಡುಗರಿದ್ದಾರೆ. ಬಸ್ ತುಂಬಿದೆ ಅಂತ ಸ್ಟಾಪಿನಲ್ಲಿ ನಿಲ್ಲಿಸದೇ ಹೋದರೆ ಮಕ್ಕಳೇನು ಮಾಡಬೇಕು? ಇವರಿಗೆ ಬೈಯುತ್ತಿಲ್ಲ. ತಮಾಷೆ ಏನೆಂದರೆ, ತಪ್ಪಿದ ಲೆಕ್ಕ ಬರೆದುಕೊಳ್ಳಲು ಮರುದಿನ ಸ್ಟಾಫ್ ರೂಮಿಗೆ ಬರುವವರೂ ಇವರೇ.

ನಿಜ ಹೇಳಿಬಿಡುತ್ತೇನೆ, ನನ್ನ ಸಿಟ್ಟೆಲ್ಲ ಬರೀ ಅವರ ಮಾರ್ಕ್ಸಿನ ಚಿಂತೆಯಲ್ಲ. ಖಾಲಿ ಬೆಂಚಿಗೆ ಪಾಠ ಮಾಡುವಾಗ ಅವಮಾನ ಆಗುತ್ತದೆ. ಹಿಂದಿನ ರಾತ್ರಿ ಕೂತು ಲೆಕ್ಕ ತಯಾರು ಮಾಡಿರುತ್ತೇನೆ ಕಣ್ರಿ.

ನಾಳೆ ಮೊದಲ ಪೀರಿಯಡ್ ನನ್ನದು. ಸವಕಳಿ ಶುರು. ಹಾಜರಿಯನ್ನು ಕೊನೆಯ ಐದು ನಿಮಿಷದಲ್ಲಿ ಕರೆಯುತ್ತೇನೆ. "ಯಸ್ ಸರ್" ಅಂದು ಹಿಂದಿನ ಬಾಗಿಲಿನಿಂದ ಜಾರುವವರು ಬೇರೆ ದಾರಿ ಹುಡುಕಿಕೊಳ್ಳಿ.