‘ಒಮ್ಮೆ ಬಿತ್ತಿದರೆ ಹುಳು ಮತ್ತೆ ಬರಲ್ಲ’: ಸೋಯಾ ಸಂದೇಶಕ್ಕೆ ಸ್ಪಷ್ಟನೆ

ಅಕ್ಕಲಕೋಟೆ, ಜತ್ತ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಸೋಯಾ ಹಳದಿಯಾದರೆ ಬೇರಿಗೆ ತಗಲುವ, ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳುವೇ (ನೆಮಟೋಡ್) ಕಾರಣ, ಅಮೆರಿಕದ ನಿರೋಧಕ ತಳಿ ಒಮ್ಮೆ ಬಿತ್ತಿದರೆ ಹುಳು ಮತ್ತೆ ಬರಲ್ಲ ಎಂದು. ಎರಡೂ ತಪ್ಪು.

ಸುಣ್ಣದ ಅಂಶವಿರುವ ಕಪ್ಪು ಮಣ್ಣಿನಲ್ಲಿ ಕಬ್ಬಿಣ ಸಿಗದೆಯೂ ಎಲೆ ಹಳದಿಯಾಗುತ್ತದೆ. ನೀರು ನಿಂತರೂ ಅಷ್ಟೇ. ಬಿಳಿನೊಣ ಹರಡುವ ಹಳದಿ ರೋಗವೂ ಇದೆಯಲ್ವಾ? ಹಾಗಾಗಿ ಮೊದಲು ಗಿಡವನ್ನು ಮಣ್ಣಿನ ಸಮೇತ ಅಗೆದು ಬೇರು ನೋಡಿ. ಉಗುರಿನಿಂದ ಸುಲಭವಾಗಿ ಕಳಚುವ, ಒಳಗೆ ಗುಲಾಬಿ ಬಣ್ಣದ ಗಂಟು ಒಳ್ಳೆಯದು, ಸಾರಜನಕ ಕೊಡುವಂಥದ್ದು. ಅದನ್ನು ರೋಗ ಅಂದುಕೊಂಡು ಸುಮ್ನೆ ಔಷಧಿ ಸುರಿಯಬೇಡಿ! ಬೇರು ತಾನೇ ಊದಿಕೊಂಡು, ಕಳಚದ ಗಂಟಾಗಿದ್ದರೆ ಬೇರುಗಂಟು ಜಂತುಹುಳು ಇರಬಹುದು.

ಅಮೆರಿಕದವರ ದೊಡ್ಡ ತಲೆನೋವು ಬೇರೆಯದು, ಬೇರಿನ ಮೇಲೆ ಮೊಟ್ಟೆ ತುಂಬಿದ ಸಣ್ಣ ಚೀಲ (ಸಿಸ್ಟ್) ಮಾಡುವ ಸೋಯಾ ಸಿಸ್ಟ್ ಜಂತುಹುಳು. ಅಲ್ಲಿ ಅದು ಮೊದಲು ಕಂಡಿದ್ದು 1954ರಲ್ಲಿ. ಅದನ್ನು ತಡೆಯುವ ತಳಿ ಬೇರುಗಂಟು ಹುಳುವನ್ನೂ ತಡೆಯುತ್ತದೆ ಎಂದೇನಿಲ್ಲ. ನಿರೋಧಕ ಎಂದರೆ ಹುಳು ಬರುವುದೇ ಇಲ್ಲ ಎಂದೂ ಅಲ್ಲ, ಬೇರಿನಲ್ಲಿ ಕಡಿಮೆ ಮರಿ ಮಾಡುತ್ತದೆ ಅಷ್ಟೇ. ಅಲ್ಲಿನ ಬಹುತೇಕ ನಿರೋಧಕ ತಳಿಗಳ ಮೂಲ ‘ಪಿಐ 88788’ ಎಂಬ ಒಂದೇ ಸೋಯಾ. ವರ್ಷಗಟ್ಟಲೆ ಅದನ್ನೇ ಬಿತ್ತಿದ್ದಕ್ಕೆ ಹುಳು ಒಗ್ಗಿಕೊಂಡಿತು. ಈಗ ‘ಪೆಕಿಂಗ್’ ಎಂಬ ಇನ್ನೊಂದು ಸೋಯಾ ಮೂಲದ ತಳಿ, ನಡುವೆ ಮೆಕ್ಕೆಜೋಳ ಎಂದು ಬದಲಿಸುತ್ತಿದ್ದಾರೆ.

ಬೇರುಗಂಟು ಹುಳು ಟೊಮೆಟೊ, ಬದನೆ, ಬೆಂಡೆಯಲ್ಲೂ ಬೆಳೆಯುತ್ತದೆ. ಗಂಟು ಕಂಡ ಆ ಹೊಲದಲ್ಲೇ ಸೋಯಾ ಹಾಕಿದರೆ ಹುಳುವಿಗೆ ಹಬ್ಬ. ಅನುಮಾನ ಬಂದರೆ ಬೇರು, ಹಸಿ ಮಣ್ಣು ಎರಡನ್ನೂ ಚೀಲಕ್ಕೆ ಹಾಕಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಬಿಸಿಲಿಗೆ ಮಾತ್ರ ಒಣಗಿಸಬೇಡಿ, ಹುಳು ಸತ್ತರೆ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ.