ಸೋಫಾಕ್ಕೆ ಪಾಸು, ನಮಗೆ ಮೆಟ್ಟಿಲು

ಬೆಂಗಳೂರಿನಲ್ಲಿ ಹೆಸರು ಮಾಡಿದ ನಾಟಕವೊಂದು ನಮ್ಮ ಹಾಸನಕ್ಕೆ ಬಂದು ಹೋದ ಕಥೆ ಇದು. ಟಿಕೆಟ್ ಬಿಟ್ಟ ಬೆಳಿಗ್ಗೆಯೇ ಸೋಲ್ಡ್ ಔಟ್. ಸಂಜೆ ಆಯೋಜಕರು ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಕೈಮುಗಿದು ಕ್ಷಮೆ ಕೇಳಿದರು. ನಾಟಕದ ದಿನ ನೋಡಿದರೆ ಹಿಂದೆ ನಿಲ್ಲಲು ಜಾಗವಿಲ್ಲ, ಮುಂದಿನ ಸಾಲುಗಳು ಬಿಕೋ ಅನ್ನುತ್ತಿವೆ.

ಮೊಬೈಲಿನಲ್ಲಿ ಸೀಟು ಆರಿಸುವ ಸುಖವೇ ಬೇರೆ. ಪುಟ್ಟ ಪುಟ್ಟ ಹಸಿರು ಚೌಕಗಳು, ಸೈಟು ಕೊಳ್ಳುವಷ್ಟೇ ಗಂಭೀರ ಚರ್ಚೆ. ಕಂಬ ಅಡ್ಡ ಬರುತ್ತಾ, ಫ್ಯಾನು ತಲೆ ಮೇಲಿದೆಯಾ, ಅಮ್ಮನಿಗೆ ಎದ್ದು ಓಡಾಡಲು ಕೊನೆಯ ಸೀಟೇ ವಾಸಿಯಾ ಅಂತ ಮನೆಮಂದಿಯೆಲ್ಲ ತೀರ್ಮಾನಿಸುವಷ್ಟರಲ್ಲಿ ಹಸಿರು ಹೋಗಿ ಬೂದಿ ಬಣ್ಣವಾಗಿರುತ್ತದೆ. ನಾಟಕದ ಟಿಕೆಟ್ 500 ರೂಪಾಯಿ ದಾಟದಿದ್ದರೆ ಅದಕ್ಕೆ ಜಿಎಸ್‌ಟಿ ಇಲ್ಲ. ಕಲೆ ಬದುಕಿಕೊಳ್ಳಲಿ ಎಂಬ ದೊಡ್ಡ ಮನಸ್ಸು. ಆದರೆ ಆ ಟಿಕೆಟ್ ಕೊಡಿಸುವ ಆ್ಯಪ್ ‘ಅನುಕೂಲ ಶುಲ್ಕ’ ಅಂತೊಂದು ಹಾಕಿ, ಅದರ ಮೇಲೆ ಶೇ 18 ಜಿಎಸ್‌ಟಿಯನ್ನೂ ಕೂರಿಸುತ್ತದೆ. ಅವತ್ತು ಖಾತ್ರಿಯಾಗಿ ಕೂತದ್ದು ಆ ಜಿಎಸ್‌ಟಿ ಒಂದೇ.

ಎ ಸಾಲು ಅಂತ ಕೊಂಡವರು ಒಳಗೆ ಹೋದರೆ ಅದರ ಮುಂದೆ ಇನ್ನೆರಡು ಸಾಲು ಹುಟ್ಟಿಕೊಂಡಿದ್ದವು. ಮೊದಲನೆಯದು ಶಾಮಿಯಾನದವರ ಮೆರೂನ್ ಸೋಫಾ, ಬೆನ್ನಿಗೆ ಬಿಳಿ ಟರ್ಕಿ ಟವೆಲ್, ಮುಂದೆ ಟೀಪಾಯಿ, ಅದರ ಮೇಲೆ ನೀರಿನ ಬಾಟಲಿ, ಪ್ಲಾಸ್ಟಿಕ್ ಹಾಳೆ ಬಿಗಿದ ಗೋಡಂಬಿ ತಟ್ಟೆ. ಹಿಂದೆ ಗನ್‌ಮ್ಯಾನ್ ಮತ್ತು ಪಿಎಗಳಿಗೆ ಪ್ಲಾಸ್ಟಿಕ್ ಕುರ್ಚಿ. ಅದರ ಹಿಂದಿನ ಎ, ಬಿ ಸಾಲುಗಳ ಮೇಲೂ ಗಮ್ ಟೇಪಿನಲ್ಲಿ ಅಂಟಿಸಿದ ಹಾಳೆ: ‘ಗಣ್ಯರಿಗೆ ಕಾಯ್ದಿರಿಸಿದೆ’.

“ನನ್ನ ಟಿಕೆಟ್‌ನಲ್ಲಿ ಬಿ 14 ಅಂತ ಇದೆಯಲ್ಲಪ್ಪ?”

“ಹೂಂ ಸಾರ್, ಬಿ 14 ಇದೇಯ.”

“ಮತ್ತೆ?”

“ನೀವು ಹಿಂದ್ಗಡೆ ಎಲ್ಲಾರ ಕುತ್ಕಳಿ ಸಾರ್. ಎಲ್ಲಿಂದ ನೋಡುದ್ರೂ ನಾಟ್ಕ ಒಂದೇಯ.”

ಬ್ಯಾಡ್ಜ್ ಹಾಕಿಕೊಂಡ ಆ ಹುಡುಗನ ತಪ್ಪೇನಿಲ್ಲ, ಪಾಪ. ಹಾಸನದಲ್ಲಿ ಹುಟ್ಟಿದವನು. ಹಾಸನಾಂಬೆಯ ಬಾಗಿಲು ತೆರೆದಾಗಲೆಲ್ಲ ಧರ್ಮದರ್ಶನದ ಸಾಲು, 300ರ ಸಾಲು, 1000ದ ಸಾಲು, ಇವೆಲ್ಲಕ್ಕೂ ಮೇಲೆ ಪಾಸು ಅಂತ ನೋಡುತ್ತಲೇ ಬೆಳೆದಿರುತ್ತಾನೆ. ಅಲ್ಲಿಯಾದರೆ ನಿಂತು ನಿಂತು ಕಾಲು ಬಿದ್ದುಹೋದರೂ ಕೊನೆಗೆ ದೇವಿಯಂತೂ ಕಾಣುತ್ತಾಳೆ. ಇಲ್ಲಿ ಕಂಡದ್ದು ಸೋಫಾದ ಬೆನ್ನು.

ಅಥವಾ ದೋಷ ನಮ್ಮ ಸೀಮೆಯ ಸಂಪ್ರದಾಯದ್ದೇ ಇರಬೇಕು. ನಮ್ಮ ಹಳ್ಳಿಗಳ ಪೌರಾಣಿಕ ನಾಟಕಗಳಲ್ಲಿ ದುಡ್ಡು ಕೊಡುವವನು ಆಡುವವನೇ ಹೊರತು ನೋಡುವವನಲ್ಲ. ಕುರುಕ್ಷೇತ್ರ ಆಡೋಣ ಅಂತ ಆದ ಕೂಡಲೇ ಹಾರ್ಮೋನಿಯಂ ಮಾಸ್ತರರ ಮುಂದೆ ಪಾತ್ರಗಳಿಗೆ ರೇಟು ಕಟ್ಟುತ್ತಾರೆ. ದುರ್ಯೋಧನ ದುಬಾರಿ, ಸೈಂಧವ ಅಗ್ಗ. ಆ ದುಡ್ಡಿನಲ್ಲೇ ಸೀನರಿ, ಡ್ರೆಸ್ಸು, ಮೈಕು, ದ್ರೌಪದಿಯ ಪಾತ್ರಕ್ಕೆ ಹೊರಗಿನಿಂದ ಬಂದ ಕಲಾವಿದೆಯ ಸಂಭಾವನೆ. ಊರವರು ಚಾಪೆ ಹಾಸಿಕೊಂಡು ಕೋಳಿ ಕೂಗುವವರೆಗೆ ಪುಕ್ಕಟೆ ನೋಡುತ್ತಾರೆ. ನಡುವೆ ದುರ್ಯೋಧನನ ಭಾವಮೈದ ಸ್ಟೇಜ್ ಹತ್ತಿ ನೋಟಿನ ಹಾರ ಹಾಕುತ್ತಾನೆ. ಅಷ್ಟು ಹೊತ್ತು ಗದೆ ಕೆಳಗಿಟ್ಟು ಭೀಮ ಕಾಯುತ್ತಾನೆ. ‘ಒನ್ಸ್ ಮೋರ್’ ಬಂದರೆ ಸತ್ತವನೂ ಎದ್ದು ಕಂದಪದ್ಯ ಹಾಡಿ ಮತ್ತೆ ಸಾಯುತ್ತಾನೆ. ಲೆಕ್ಕ ಹಾಕಿದರೆ ಈ ಪದ್ಧತಿಯೇ ವಾಸಿ. ದುರ್ಯೋಧನನ ಪಾರ್ಟು ಕೊಂಡವನಿಗೆ ಸಿಂಹಾಸನ ಖಾತ್ರಿ, “ಗಣ್ಯರು ಬಂದ್ರು, ಏಳಿ ಸಾರ್” ಅನ್ನುವ ಗಂಡು ಇನ್ನೂ ಹುಟ್ಟಿಲ್ಲ. ಅಷ್ಟು ಕೊಡಲಾರದವರು ಭೀಷ್ಮನಾಗಬಹುದು. ಕೂರುವುದಿರಲಿ, ಮಲಗುವುದಕ್ಕೇ ಜಾಗ.

ಕಂಪನಿ ನಾಟಕಗಳಲ್ಲೂ ನೆಲ, ಬೆಂಚು, ಕುರ್ಚಿ ಅಂತ ಮೇಲು ಕೀಳು ಇತ್ತು, ಇಲ್ಲವೆನ್ನುತ್ತಿಲ್ಲ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯವರು ಕುರುಕ್ಷೇತ್ರಕ್ಕೆ ನಿಜವಾದ ಆನೆಯನ್ನೇ ರಂಗಕ್ಕೆ ತಂದವರು. ಆನೆಗೆ ಜಾಗ ಹೊಂದಿಸಿದವರು ನೆಲದ ಟಿಕೆಟಿನವನಿಗೆ ನೆಲ ಇಲ್ಲ ಅಂದಿರಲಾರರು.

ಗಣ್ಯರ ತ್ಯಾಗವನ್ನೂ ನೆನೆಯಬೇಕು. ಆರೂವರೆಯ ನಾಟಕಕ್ಕೆ ಏಳೂವರೆಗೆ ಬಂದರು. ದೀಪ ಹಚ್ಚಿದರು. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆಗಳನ್ನು ಮುಖ ಸಿಂಡರಿಸದೆ ಸ್ವೀಕರಿಸಿದರು. “ಟಿವಿ, ಮೊಬೈಲ್ ಹಾವಳಿಯಿಂದ ಇವತ್ತು ನಾಟಕಕ್ಕೆ ಪ್ರೇಕ್ಷಕರೇ ಇಲ್ಲದಂತಾಗಿದೆ” ಎಂದು ಮೆಟ್ಟಿಲ ಮೇಲೆಲ್ಲ ಕೂತಿದ್ದ ಪ್ರೇಕ್ಷಕರಿಗೆ ತಿಳಿಸಿದರು. ಮೊದಲ ದೃಶ್ಯಕ್ಕೆ ಬೆಳಕು ಬರುವ ಮುಂಚೆ ಇನ್ನೊಂದು ತುರ್ತು ಕಾರ್ಯಕ್ರಮಕ್ಕೆ ಹೊರಟರು. ಅವರ ಹಿಂದೆ ಪಿಎ, ಗನ್‌ಮ್ಯಾನ್, ಎ ಮತ್ತು ಬಿ ಸಾಲಿನ ಅಭಿಮಾನಿಗಳು, ಎಲ್ಲರೂ ಮೊಬೈಲ್ ಟಾರ್ಚ್ ಹಚ್ಚಿಕೊಂಡು ಹೊರಟರು. ನಟಿಯೊಬ್ಬಳು ಆ ಬೆಳಕಿನಲ್ಲೇ ಮೊದಲ ಮಾತು ಶುರು ಮಾಡಿದಳು.

ಬೆಂಗಳೂರಿನಲ್ಲಿ 2004ರಿಂದ ನಡೆಯುತ್ತಿರುವ ರಂಗಶಂಕರ ರಂಗಮಂದಿರದಲ್ಲಿ ನಾಟಕ ಶುರುವಾದ ಮೇಲೆ ಬಂದವರಿಗೆ ಪ್ರವೇಶವಿಲ್ಲ. ನಾಟಕ ಬೆಂಗಳೂರಿನಿಂದ ನಮ್ಮೂರಿಗೆ ಬರುವಾಗ ಅಂಥ ನಿಯಮ ಬೆಳ್ಳೂರು ಕ್ರಾಸಿನಲ್ಲಿ ಕಾಫಿಗೆ ಇಳಿಯುತ್ತದೋ ಏನೋ, ಮತ್ತೆ ಬಸ್ಸು ಹತ್ತುವುದೇ ಇಲ್ಲ.

ಸಕಲೇಶಪುರದಿಂದ ಬಸ್ಸಿನಲ್ಲಿ ಬಂದಿದ್ದ ವಯಸ್ಸಾದ ಗಂಡ ಹೆಂಡತಿ ಮೆಟ್ಟಿಲ ಮೇಲೆ ಕೂತಿದ್ದರು. ಆಕೆಗೆ ಮಂಡಿನೋವು. ಕಾಲು ಚಾಚಿದರೆ ಓಡಾಡುವವರು ತುಳಿಯುತ್ತಿದ್ದರು, ಮಡಿಸಿದರೆ ಆಕೆಯ ಕೈಲಿ ಆಗುತ್ತಿರಲಿಲ್ಲ. ಮುಂದೆ ಖಾಲಿ ಇದೆಯಲ್ಲ, ಕೂರಲಾ ಅಂತ ಆಕೆ ಕೇಳಿದ್ದಕ್ಕೆ ಬಂದ ಉತ್ತರ: “ಅವ್ರು ತಿರ್ಗಾ ಬಂದ್ರೆ ಯಾರಮ್ಮ ಬೈಸ್ಕಳದು?” ಇದನ್ನು ತಮಾಷೆಯಾಗಿ ಬರೆಯಲು ನನಗೆ ಬರುತ್ತಿಲ್ಲ. ಆಕೆ ದುಡ್ಡು ಕೊಟ್ಟಿದ್ದರು, ಸೀಟು ನಂಬರು ಕೈಯಲ್ಲಿತ್ತು, ಆ ಸೀಟು ಕಣ್ಣೆದುರಿಗೆ ಖಾಲಿ ಇತ್ತು. ಒಮ್ಮೆ ಮಾರಿದ್ದನ್ನು ಇನ್ನೊಬ್ಬರಿಗೆ ದಾನ ಕೊಟ್ಟವರು ಮೋಸ ಮಾಡಿದ್ದಾರೆ, ಅಷ್ಟೇ. ಪ್ರತಿ ಸಲ ಹೀಗೇ ಮಾಡುತ್ತಾರೆ, ಪ್ರತಿ ಸಲ ನಾವೂ ಗೊಣಗಿಕೊಂಡು ಮನೆಗೆ ಬರುತ್ತೇವೆ. ಸಾಕಾಗಿದೆ.

ಆಯೋಜಕರು ಮುಂದಿನ ಸಲಕ್ಕೆ ದೊಡ್ಡ ಜಾಗ ಹುಡುಕುತ್ತಿದ್ದಾರಂತೆ. ಯಾಕೆ ಸ್ವಾಮಿ, ಇನ್ನಷ್ಟು ಸೋಫಾ ಹಿಡಿಸಲಿ ಅಂತಲಾ? ಪಾಸಿಗೆ ಎಷ್ಟು ಸೀಟು, ಮಾರಾಟಕ್ಕೆ ಎಷ್ಟು ಅಂತ ಟಿಕೆಟ್ ಬಿಡುವ ದಿನವೇ ಗೇಟಿನಲ್ಲಿ ಬರೆದು ಹಾಕಿ. ನಾಟಕ ಶುರು ಅಂತ ಹೊಡೆಯುವ ಮೂರನೇ ಬೆಲ್ ಆದ ಮೇಲೆ ಖಾಲಿ ಉಳಿದ ಕುರ್ಚಿಗಳ ಹಾಳೆ ಕಿತ್ತುಹಾಕಿ. ಟೇಪಿನ ಜೊತೆ ರೆಕ್ಸಿನ್ನೂ ಕಿತ್ತು ಬರುತ್ತದೆ ಅಂತ ಹೆದರಿಕೆಯಿದ್ದರೆ ಆ ರಿಪೇರಿ ಖರ್ಚೂ ನಾವೇ ಕೊಡುತ್ತೇವೆ. ಅನುಕೂಲ ಶುಲ್ಕ ಅಂತ ಬರ್ಕೊಳಿ.